ವೆರ್ದಿಕ್ಕಿಯೊ ಮತ್ತು ಮೀನು: ಗೃಹಬಳಕೆಯ ಕೈಪಿಡಿ

ಅಭಿನಂದನೆಗಳು! ಇಟಲಿಯ ಮಾರ್ಕೆ ಪ್ರಾಂತದಲ್ಲಿ ತಯಾರಾದ ವೆರ್ದಿಕ್ಕಿಯೊ ಎಂಬ ಬಿಳಿ ವೈನಿಗೆ ನೀವೀಗ ಒಡೆಯರು. ಇದನ್ನು ನೀವೇ ಕೊಂಡಿರಬಹುದು, ಉಳಿದ ಯೂರೋ ಚಿಲ್ಲರೆ ಖಾಲಿ ಮಾಡಲು ವಿಮಾನ ನಿಲ್ದಾಣದಲ್ಲಿ ಎತ್ತಿಕೊಂಡಿರಬಹುದು, ಇಲ್ಲವೇ ಮಿಲಾನಿನಲ್ಲಿ ಕೆಲಸದಲ್ಲಿರುವ ಅಳಿಯ ಬಂದಾಗ ಕೊಟ್ಟು ಹೋಗಿರಬಹುದು. ಹೇಗೇ ಬಂದಿರಲಿ, ಬಾಟಲಿ ಸದ್ಯ ಹಾಲಿನ ಷೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗೂ ಮಗಳ ಭರತನಾಟ್ಯದ ಟ್ರೋಫಿಗೂ ನಡುವೆ ನಿಂತಿದೆ ಎಂದು ಈ ಕೈಪಿಡಿ ಊಹಿಸಿಕೊಂಡಿದೆ. ಅದನ್ನು ಅಲ್ಲಿಂದ ಇಳಿಸುವುದೇ ಮೊದಲ ಹೆಜ್ಜೆ. ಬೆಳಕೂ ಸೆಖೆಯೂ ವೈನಿಗೆ ಆಗದು. ಅದರಲ್ಲೂ ಈ ಬಗೆಯ ವೈನು ಮೊಮ್ಮಗಳ ಮದುವೆಗೆಂದು ಎತ್ತಿಡಲು ಮಾಡಿದ್ದಲ್ಲ. ಮೀನು ಸಿಕ್ಕ ದಿನ ಕುಡಿದು ಮುಗಿಸಲು ಮಾಡಿದ್ದು.

ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಪೂರ್ತಿ ಓದುವವರು ಯಾರೂ ಇಲ್ಲ ಎಂಬುದು ಕೈಪಿಡಿ ಬರೆಯುವವರಿಗೆಲ್ಲ ಗೊತ್ತಿರುವ ಗುಟ್ಟು. ಹಾಗಾಗಿ ಒಂದೇ ಒಂದು ಭಾಗ ಓದುವುದಾದರೆ 4ನೆಯದನ್ನು ಓದಿ. ಮಿಕ್ಕದ್ದೆಲ್ಲ ಅದರ ಬಾಲಂಗೋಚಿ.

ಶಾಸನಬದ್ಧ ಎಚ್ಚರಿಕೆ: ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಈ ಸಾಲಿನಲ್ಲಿ ತಮಾಷೆ ಇಲ್ಲ. ಕುಡಿದವರು ಗಾಡಿಯ ಕೀಲಿ ಮುಟ್ಟಬಾರದು, ಕುಡಿಯದವರನ್ನು ಯಾರೂ ಪೀಡಿಸಬಾರದು. ಅವರ ಕೈಗೆ ಉಪ್ಪು ಹಾಕಿದ ನಿಂಬೆ ಪಾನಕ ಕೊಡಿ. ಅದರಿಂದ ಅವರಿಗೆ ನಷ್ಟವೇನೂ ಆಗುವುದಿಲ್ಲ. ಕಾರಣ 4ನೇ ಭಾಗದಲ್ಲಿದೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ದ್ರವ 750 ಮಿ.ಲೀ., ಬಾಟಲಿ ಒಂದು, ಬಿರಡೆ ಒಂದು, ಲೇಬಲ್ ಎರಡು. ಮೀನು ಪ್ರತ್ಯೇಕವಾಗಿ ಖರೀದಿಸತಕ್ಕದ್ದು. ಬಿರಡೆ ಕೀಳುವ ತಿರುಪೂ ಜೊತೆಗೆ ಬಂದಿಲ್ಲ. ಅದು ಸಿಗುವುದು ನೆರೆಮನೆಯಲ್ಲಿ. ಕೇಳಲು ಹೋದರೆ ನೆರೆಮನೆಯವರೂ ಊಟಕ್ಕೆ ಬರುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಹೋಗಿ.

ಬಾಟಲಿ ನೆಟ್ಟಗೆ, ಎಲ್ಲ ಬಾಟಲಿಗಳ ಹಾಗೆ ಇದ್ದರೆ ಈ ಪ್ಯಾರಾ ನಿಮಗಲ್ಲ, ಮುಂದಿನದಕ್ಕೆ ಹೋಗಿ. ನಡು ಸಣ್ಣಗಾಗಿ, ಹಸಿರು ಗಾಜಿನಲ್ಲಿ ಹೂಜಿಯ ಆಕಾರಕ್ಕೆ ಬಳುಕಿದ್ದರೆ ಸ್ವಲ್ಪ ನಿಲ್ಲಿ. 1953ರಲ್ಲಿ ಫಾತ್ಸಿ ಬತ್ತಾಲ್ಯ ಎಂಬ ವೈನ್ ಮನೆತನಕ್ಕಾಗಿ ಅಂತೋನಿಯೊ ಮಾಯೊಕ್ಕಿ ಎಂಬ ವಾಸ್ತುಶಿಲ್ಪಿ ಬರೆದುಕೊಟ್ಟ ರೂಪ ಇದು. ಪ್ರಾಚೀನರು ಹಡಗಿನಲ್ಲಿ ಎಣ್ಣೆ, ವೈನು ಸಾಗಿಸುತ್ತಿದ್ದ ಆಂಫೊರಾ ಹೂಜಿ ಅವನ ತಲೆಯಲ್ಲಿತ್ತು. ಬಾಟಲಿಯ ಕತ್ತಿಗೆ ಪುಟ್ಟದೊಂದು ಕಾಗದದ ಸುರುಳಿಯನ್ನೂ ಕಟ್ಟಿದರು. ವೈನಿಗೆ ಕೈಪಿಡಿ ಕಟ್ಟುವ ಚಟ ನಮ್ಮಿಂದ ಶುರುವಾದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೂಜಿ ಬಾಟಲಿ ಸಮುದ್ರ ದಾಟಿ ಹೆಸರು ಮಾಡಿತು. ಎಷ್ಟು ಮಾಡಿತೆಂದರೆ ಜನ ಬಾಟಲಿಯನ್ನು ನೆನಪಿಟ್ಟುಕೊಂಡು ಒಳಗಿದ್ದದ್ದನ್ನು ಮರೆತರು. ಆಮೇಲೆ ಬಂದ ಬೆಳೆಗಾರರು, ತಮ್ಮ ವೈನನ್ನು ನಾಲ್ಕು ಜನ ಗಂಭೀರವಾಗಿ ಕಾಣಲಿ ಎಂದು ಮಾಮೂಲಿ ನೆಟ್ಟ ಬಾಟಲಿಗೆ ಹೊರಳಿದರು. ನಮಗೇನೋ ಹೂಜಿಯ ಮೇಲೆ ಮಮತೆಯೇ. ಊಟದ ಮೇಜಿನ ಮೇಲೆ ಒಂದಿಷ್ಟು ಒನಪು ಇದ್ದರೆ ಯಾರ ಗಂಟು ಹೋಗುತ್ತದೆ?

ಲೇಬಲ್ಲಿನಲ್ಲಿ 'ದೇಯಿ ಕಾಸ್ತೆಲ್ಲಿ ದಿ ಯೇಜಿ' ಎಂದಿದ್ದರೆ ಯೇಜಿ ಪಟ್ಟಣದ ಸುತ್ತಲಿನ ಗುಡ್ಡಗಳ ಮೇಲಿರುವ ಕೋಟೆಯೂರುಗಳಲ್ಲಿ ಬೆಳೆದ ದ್ರಾಕ್ಷಿ ಎಂದರ್ಥ. ಪೂರ್ವಕ್ಕೆ ಇಳಿದರೆ ಏಡ್ರಿಯಾಟಿಕ್ ಸಮುದ್ರ, ಅಂಕೋನ ಬಂದರು. 'ದಿ ಮಾತೇಲಿಕ' ಎಂದಿದ್ದರೆ ಅದೇ ಎಸಿನೊ ನದಿಯ ಮೇಲ್ಕಣಿವೆ; ಬೆಟ್ಟಗಳು ಅಡ್ಡ ನಿಂತು ಕಡಲ ಗಾಳಿಯನ್ನು ತಡೆಯುತ್ತವೆ, ರಾತ್ರಿ ಥಂಡಿ ಹೆಚ್ಚು, ಹಣ್ಣಿನ ಹುಳಿ ಇನ್ನೂ ಚುರುಕು. 'ಡಿಒಸಿ' ಎಂಬ ಮೂರಕ್ಷರ ಸರ್ಕಾರಿ ಮೊಹರು. ಯೇಜಿಯ ವೈನಿಗೆ ಅದು ಸಿಕ್ಕಿದ್ದು 1968ರಲ್ಲಿ. ಒಳಗಿನ ದ್ರಾಕ್ಷಿ ಕನಿಷ್ಠ ಶೇ. 85 ವೆರ್ದಿಕ್ಕಿಯೊ ತಳಿಯದ್ದೇ ಆಗಿರಬೇಕೆಂಬುದು ಷರತ್ತು. 'ಕ್ಲಾಸಿಕೊ' ಎಂದರೆ ಹಳೆಯ ಮೂಲ ಸೀಮೆಯದು. 'ಸುಪೆರಿಯೋರೆ' ಎಂದರೆ ಬಳ್ಳಿಗೆ ಕಡಿಮೆ ಗೊನೆ ಬಿಟ್ಟು ಬೆಳೆದ, ತುಸು ಗಟ್ಟಿಯಾದದ್ದು. 'ರಿಸೆರ್ವ' ಕಂಡರೆ ಎಳೆಯ ಸಿಗಡಿಗೆ ಅದನ್ನು ಒಡೆಯಬೇಡಿ, ದೊಡ್ಡ ಮೀನಿಗೆ ಎತ್ತಿಡಿ.

ಇದೇ ಯೇಜಿಯ ಚೌಕದಲ್ಲಿ 1194ರಲ್ಲಿ, ಡೇರೆಯೊಂದರ ಒಳಗೆ, ಮುಂದೆ ಪವಿತ್ರ ರೋಮನ್ ಸಾಮ್ರಾಜ್ಯವನ್ನು ಆಳಿದ ಎರಡನೇ ಫ್ರೆಡರಿಕ್ ಹುಟ್ಟಿದ. ಮೀನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಊಟದ ನಡುವೆ ಮಾತು ನಿಂತುಹೋದರೆ ಬಳಸಿಕೊಳ್ಳಿ.

2. ಸುರಕ್ಷತಾ ಸೂಚನೆಗಳು

ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಧಾರಾವಾಹಿ ನೋಡಲು ಕೂರಬೇಡಿ. ಶೇ. 12ರ ಆಸುಪಾಸು ಆಲ್ಕೋಹಾಲ್ ಇರುವ ದ್ರವ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಮನೆಯ ಫ್ರೀಜರ್ ಅದಕ್ಕೂ ಎಷ್ಟೋ ಕೆಳಗೆ ಇಳಿದಿರುತ್ತದೆ. ನೀರು ಹೆಪ್ಪಾದಾಗ ಹಿಗ್ಗುತ್ತದೆ. ಬಿರಡೆ ಹೊರಬರುತ್ತದೆ, ಇಲ್ಲವೇ ಗಾಜು ಬಿರಿಯುತ್ತದೆ. ಧಾರಾವಾಹಿಯಲ್ಲಿ ಸೊಸೆ ಮನೆ ಬಿಟ್ಟು ಹೋಗುವ ಹೊತ್ತಿಗೆ ಬಟಾಣಿ ಪ್ಯಾಕೆಟ್ಟಿನ ಮೇಲೆ ಗಾಜಿನ ಚೂರು ಹರಡಿರುತ್ತದೆ.

ಸ್ಕ್ರೂಡ್ರೈವರ್, ಕತ್ತರಿ, ಈಳಿಗೆಮಣೆ ಇವು ಬಿರಡೆ ತೆಗೆಯುವ ಸಾಧನಗಳಲ್ಲ. ಚಪ್ಪಲಿಯೊಳಗೆ ಬಾಟಲಿಯ ತಳವಿಟ್ಟು ಗೋಡೆಗೆ ಬಡಿಯುವ ವೀಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬಾಡಿಗೆ ಮನೆಯವರು ಅದನ್ನು ಮಾಡತಕ್ಕದ್ದಲ್ಲ. ಸ್ವಂತ ಮನೆಯವರು ತಮ್ಮ ಜವಾಬ್ದಾರಿಯ ಮೇಲೆ ಮಾಡಬಹುದು.

ಹತ್ತು ದಿನದ ಯುರೋಪ್ ಪ್ರವಾಸ ಮಾಡಿ ಬಂದ ಭಾವನನ್ನು ಬಾಟಲಿಯಿಂದ ದೂರವಿಡಿ. ಆತ ಗ್ಲಾಸನ್ನು ಬೆಳಕಿಗೆ ಹಿಡಿದು, ಕಣ್ಣು ಮುಚ್ಚಿ, ರೋಮಿನ ಹೋಟೆಲಿನಲ್ಲಿ ಉಚಿತವಾಗಿ ಸಿಕ್ಕ ವೈನಿನ ವರ್ಣನೆಗೆ ತೊಡಗುತ್ತಾನೆ. ಅಷ್ಟರಲ್ಲಿ ಮೀನು ಆರುತ್ತದೆ. ಆರಿದ ಮೀನಿಗೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

3. ತಂಪುಗೊಳಿಸುವ ಕ್ರಮ

ಗುರಿ: 8ರಿಂದ 10 ಡಿಗ್ರಿ ಸೆಲ್ಸಿಯಸ್. ರಿಸೆರ್ವ ಆಗಿದ್ದರೆ 12ರವರೆಗೂ ನಡೆದೀತು. ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ ಇರುವುದರಿಂದ ಊಟಕ್ಕೆ ಹದಿನೈದು ನಿಮಿಷ ಮೊದಲು ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಪರಿಮಳವೆಲ್ಲ ಮುದುಡಿ ಹುಳಿಯೊಂದೇ ನಾಲಗೆಗೆ ನಾಟುತ್ತದೆ. ಬೆಚ್ಚಗಿದ್ದರೆ ಹುಳಿ ಸಡಿಲವಾಗಿ ಆಲ್ಕೋಹಾಲ್ ಮೂಗಿಗೆ ಅಡರುತ್ತದೆ. ಮರೆತಿದ್ದೀರಾ, ನೆಂಟರು ಗೇಟಿನ ಬಳಿ ಬಂದೇಬಿಟ್ಟರಾ? ಬಕೆಟ್ಟಿನಲ್ಲಿ ಮಂಜುಗಡ್ಡೆ, ಅದು ಮುಳುಗುವಷ್ಟು ನೀರು, ಎರಡು ಹಿಡಿ ಕಲ್ಲುಪ್ಪು. ಬರೀ ಮಂಜುಗಡ್ಡೆ ಹಾಕಿದರೆ ತುಂಡುಗಳ ನಡುವಿನ ಗಾಳಿ ಕೆಲಸ ಕೆಡಿಸುತ್ತದೆ. ನೀರು ಬಾಟಲಿಯ ಮೈಯನ್ನೆಲ್ಲ ತಬ್ಬಿ ಶಾಖ ಎಳೆಯುತ್ತದೆ; ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಗಿಳಿಸುತ್ತದೆ. ಹದಿನೈದು, ಇಪ್ಪತ್ತು ನಿಮಿಷ ಸಾಕು. ನೆಂಟರಿಗೆ ಅಷ್ಟು ಹೊತ್ತು ಮನೆಯ ಹೊಸ ಕರ್ಟನ್ ತೋರಿಸಿ.

4. ಈ ಉತ್ಪನ್ನ ಕೆಲಸ ಮಾಡುವ ಬಗೆ

ಮೀನಿಗೆ ಬಿಳಿ ವೈನೇ ಯಾಕೆ ಎಂದು ಕೇಳಿದರೆ ತಿಳಿದವರು 'ಅದು ಸಂಪ್ರದಾಯ' ಎನ್ನುತ್ತಾರೆ. ಅರ್ಧ ತಿಳಿದವರು 'ಬಿಳಿ ಮಾಂಸಕ್ಕೆ ಬಿಳಿ ವೈನು' ಎನ್ನುತ್ತಾರೆ. ಇಬ್ಬರನ್ನೂ ನಂಬಬೇಡಿ.

ಕಡಲ ಮೀನು ಉಪ್ಪುನೀರಿನಲ್ಲಿ ಜೀವ ಹಿಡಿದಿರಬೇಕಲ್ಲ, ಅದಕ್ಕಾಗಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತುವನ್ನು ಮೈಯಲ್ಲಿ ತುಂಬಿಕೊಂಡಿರುತ್ತದೆ. ಅದಕ್ಕೆ ವಾಸನೆಯಿಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಸೇರಿಕೊಂಡು ಅದನ್ನು ಟ್ರೈಮೀಥೈಲಮೈನ್ ಮಾಡುತ್ತವೆ. ಮಲ್ಪೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಏರಿ, ರಾತ್ರಿಯಿಡೀ ಘಾಟಿ ಹತ್ತಿ ಬೆಂಗಳೂರಿಗೆ ಬಂದ ಬಂಗುಡೆಯ ಚೀಲ ಬಿಚ್ಚಿದಾಗ ಮೇಲಿನ ಮಹಡಿಯವರು ಕಿಟಕಿ ಮುಚ್ಚುತ್ತಾರಲ್ಲ, ಅದಕ್ಕೆ ಕಾರಣ ಈ ಮಹಾಶಯ. ಇವನು ಪ್ರತ್ಯಾಮ್ಲ. ಆಮ್ಲ ಸಿಕ್ಕಿತೋ, ಅದರ ಜೊತೆ ಸೇರಿ ಲವಣವಾಗಿ ಕೂತುಬಿಡುತ್ತಾನೆ, ಹಾರಿ ಮೂಗಿಗೆ ಬರಲಾರ. ಮೀನಿಗೆ ನಿಂಬೆಹಣ್ಣು ಹಿಂಡುವುದು, ಸಾರಿಗೆ ಹುಣಸೆ ಕಿವುಚುವುದು, ಪುನರ್ಪುಳಿ ಹಾಕುವುದು, ಅಂಕೋನದ ಬೆಸ್ತರು ವಿನೆಗರ್ ಸುರಿಯುವುದು ಎಲ್ಲವೂ ಅವನನ್ನು ಕೂರಿಸುವ ಉಪಾಯಗಳೇ. ಹುಳಿ ಮುಂದಾದ ಬಿಳಿ ವೈನು ಅದೇ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಕುಡಿಯಬಹುದಾದ ಹುಳಿ, ಅಷ್ಟೆ.

ಇನ್ನೂ ಒಂದು ಮಾತಿದೆ, ಇದನ್ನು ಅಡಿಗೆರೆ ಹಾಕಿಕೊಂಡು ಓದಿ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು, ಸೇಬಿನದು ಮ್ಯಾಲಿಕ್, ವಿನೆಗರಿನದು ಅಸೆಟಿಕ್. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್. ಹಣ್ಣುಗಳ ಲೋಕದಲ್ಲಿ ಈ ಆಮ್ಲವನ್ನು ಇಷ್ಟು ತುಂಬಿಕೊಂಡಿರುವವು ಕಡಿಮೆ. ಹಾಗೆ ತುಂಬಿಕೊಂಡಿರುವ ಇನ್ನೊಂದು ಹಣ್ಣು ನಮ್ಮ ಹುಣಸೆ. ಯೇಜಿಯ ಬಾಟಲಿಯೂ ಕುಂದಾಪುರದ ಮೀನುಸಾರೂ ಒಂದೇ ಆಮ್ಲವನ್ನು ನೆಚ್ಚಿಕೊಂಡಿವೆ. ಈ ಸಂಗತಿ ಗೊತ್ತಾದ ಮೇಲೂ ವೈನಿನ ಮುಂದೆ ಕೈಕಟ್ಟಿ ನಿಲ್ಲುವವರು ನಿಲ್ಲಲಿ. ಪಂಡಿತರು ಒಂದು ಗುಟುಕು ಹೀರಿ 'ಬೆನ್ನೆಲುಬು ಗಟ್ಟಿಯಿದೆ' ಎನ್ನುವುದೂ, ನಿಮ್ಮ ಅತ್ತೆ ಸೌಟಿನಿಂದ ಅಂಗೈಗೆ ಸಾರು ತಟ್ಟಿಕೊಂಡು ನೆಕ್ಕಿ 'ಹುಳಿ ಸಮ ಉಂಟು' ಎನ್ನುವುದೂ ಒಂದೇ ತೀರ್ಪು. ಅತ್ತೆಯ ತೀರ್ಪಿಗೆ ಅನುಭವ ಹೆಚ್ಚು.

ಇದರಿಂದಲೇ ಈ ಯಂತ್ರದ ಮೂಲಸೂತ್ರ ಹೊರಡುತ್ತದೆ: ತಟ್ಟೆಯ ಹುಳಿಗಿಂತ ಗ್ಲಾಸಿನ ಹುಳಿ ಕೂದಲೆಳೆಯಷ್ಟು ಮುಂದಿರಬೇಕು. ತಟ್ಟೆ ಮುಂದಾದರೆ ವೈನು ಸಪ್ಪೆ. ಹುಣಸೆ ಧಾರಾಳವಾಗಿ ಬಿದ್ದ ಸಾರಿನೊಂದಿಗೆ ಎಂಥ ದುಬಾರಿ ಬಾಟಲಿ ಒಡೆದರೂ ನೀರು ಕುಡಿದ ಹಾಗಾಗುವುದು ಇದಕ್ಕೇ. ಕೆಟ್ಟದ್ದು ವೈನಲ್ಲ, ಸಾರೂ ಅಲ್ಲ. ಒಂದೇ ಕೆಲಸಕ್ಕೆ ಇಬ್ಬರನ್ನು ಕರೆದದ್ದು.

ಕೆಂಪು ವೈನು ಯಾಕೆ ಆಗದು? ಇದಕ್ಕೆ 2009ರಲ್ಲಿ ಜಪಾನಿನ ಸಂಶೋಧಕರು ಚೆಂದದ ಉತ್ತರ ಕೊಟ್ಟರು. ಹಲವಾರು ಕೆಂಪು, ಬಿಳಿ ವೈನುಗಳನ್ನು ಸಾಲಾಗಿಟ್ಟು, ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯ ಜೊತೆ ರುಚಿ ನೋಡಿದರು. ಬಾಯಲ್ಲಿ ಉಳಿಯುವ ಆ ಕೆಟ್ಟ ಮೀನುನಾತ ವೈನಿನಲ್ಲಿರುವ ಕಬ್ಬಿಣದ ಅಂಶದ ಜೊತೆಗೇ ಏರುತ್ತ ಹೋಯಿತು. ಕಬ್ಬಿಣವನ್ನು ಕಟ್ಟಿಹಾಕುವ ವಸ್ತು ಬೆರೆಸಿದಾಗ ನಾತ ಇಳಿಯಿತು. ಅಂದರೆ ತಪ್ಪು ಬಣ್ಣದ್ದಲ್ಲ. ಕಬ್ಬಿಣ ಕಡಿಮೆಯಿರುವ ಕೆಂಪು ವೈನೂ ಮೀನಿನೊಂದಿಗೆ ಸಂಸಾರ ಮಾಡೀತು. ಯಾವುದರಲ್ಲಿ ಎಷ್ಟಿದೆ ಎಂದು ಲೇಬಲ್ಲಿನಲ್ಲಿ ಬರೆದಿರುವುದಿಲ್ಲ ಎಂಬುದೊಂದೇ ತೊಡಕು. ಜೂಜು ಬೇಡವೆನ್ನುವವರು ಬಿಳಿಗೇ ಅಂಟಿಕೊಳ್ಳಲಿ.

5. ಹೊಂದುವ ಬಿಡಿಭಾಗಗಳು

ತಯಾರಕರ ಊರಿನಲ್ಲಿ ಇದನ್ನು ಯಾವುದರ ಜೊತೆ ಜೋಡಿಸುತ್ತಾರೆಂದು ಮೊದಲು ನೋಡೋಣ. ಅಂಕೋನದ ಮೀನಿನ ಸಾರಿಗೆ ಬ್ರೊದೆತ್ತೊ ಎಂದು ಹೆಸರು. ಮಾರಾಟವಾಗದೆ ಉಳಿದ ಚಿಲ್ಲರೆ ಮೀನುಗಳಿಂದ ಬೆಸ್ತರು ಮಾಡಿಕೊಳ್ಳುತ್ತಿದ್ದ ಊಟ. ಈಗ ಶಾಸ್ತ್ರಬದ್ಧವಾಗಿ ಹದಿಮೂರು ಜಾತಿಯ ಮೀನು ಬೀಳಬೇಕು ಎನ್ನುತ್ತಾರೆ. ಯೇಸುವಿನ ಕೊನೆಯ ಊಟಕ್ಕೆ ಕೂತವರು ಹದಿಮೂರು ಜನ ಎಂಬ ಲೆಕ್ಕ. ಹನ್ನೆರಡೇ ಸಿಕ್ಕರೆ ಯಾರನ್ನು ಬಿಟ್ಟಿರೆಂದು ಜಗಳ. ಟೊಮ್ಯಾಟೊ, ವಿನೆಗರ್ ಎರಡೂ ಇರುವುದರಿಂದ ಸಾರು ಸಾಕಷ್ಟು ಹುಳಿ. ಅದನ್ನು ಮೀರಿಸಲು ವೆರ್ದಿಕ್ಕಿಯೊದ ಹುಳಿಯೇ ಬೇಕು. ಅದೇ ಕರಾವಳಿಯ ಪೋರ್ತೊ ರೆಕನಾತಿಯಲ್ಲಿ ಟೊಮ್ಯಾಟೊ ಕಂಡರೆ ಆಗದು, ಅವರ ಬ್ರೊದೆತ್ತೊ ಕೇಸರಿಯಿಂದ ಹಳದಿ. ಎರಡೂ ಊರಿನವರನ್ನು ಒಟ್ಟಿಗೆ ಊಟಕ್ಕೆ ಕರೆಯಬೇಡಿ. ಮಂಗಳೂರಿನವರನ್ನೂ ಕಾರವಾರದವರನ್ನೂ ಕೂರಿಸಿ ಮೀನುಸಾರಿನ ಮಾತೆತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಕೋನದವರ ಇನ್ನೊಂದು ಹೆಮ್ಮೆ ಸ್ತೊಕಾಫಿಸ್ಸೊ. ವಿಚಿತ್ರವೆಂದರೆ ಮನೆಯ ಮುಂದೆಯೇ ಸಮುದ್ರ ಇಟ್ಟುಕೊಂಡು ಅವರು ಆರಾಧಿಸುವ ಈ ಮೀನು ನಾರ್ವೆಯಿಂದ ಬರುತ್ತದೆ. ಉಪ್ಪು ಹಾಕದೆ, ಬರೀ ಚಳಿಗಾಳಿಗೆ ಒಣಗಿ ಕಟ್ಟಿಗೆಯಾದ ಕಾಡ್ ಮೀನು. ಅದನ್ನು ದಿನಗಟ್ಟಲೆ ನೆನೆಸಿ, ಪಾತ್ರೆಯ ತಳಕ್ಕೆ ಜೊಂಡಿನ ಕಡ್ಡಿ ಹಾಸಿ, ಆಲೂಗಡ್ಡೆ, ಟೊಮ್ಯಾಟೊ, ಕೈತುಂಬ ಆಲಿವ್ ಎಣ್ಣೆ ಸೇರಿಸಿ ಕದಡದೆ ಬೇಯಿಸುತ್ತಾರೆ. ಇದನ್ನು ಕಾಪಾಡಲೆಂದೇ ಆ ಊರಿನಲ್ಲಿ ಒಂದು ಅಕಾಡೆಮಿ ಇದೆ. ನಮ್ಮ ಕರಾವಳಿಯ ಒಣಮೀನಿಗೆ ಅಕಾಡೆಮಿ ಇಲ್ಲ, ಇರುವುದು ಅಪಾರ್ಟ್‌ಮೆಂಟ್ ಸಂಘದ ನೋಟಿಸು.

ಇನ್ನು ಪೋರ್ತೊನೋವೊ ಕೊಲ್ಲಿಯ ಮೊಶ್ಯೋಲಿ. ಬಂಡೆಗೆ ಕಚ್ಚಿಕೊಂಡು ತಾನಾಗಿ ಬೆಳೆಯುವ, ಮುಳುಗಿ ಕಿತ್ತು ತರುವ ಕಪ್ಪು ಚಿಪ್ಪುಗಳು. ಸ್ಲೋ ಫುಡ್ ಸಂಸ್ಥೆ ಇವನ್ನು ರಕ್ಷಿಸಬೇಕಾದ ಆಹಾರಗಳ ಪಟ್ಟಿಗೆ ಸೇರಿಸಿದೆ. ಇವು ನಮಗೆ ಸಿಗುವುದಿಲ್ಲ. ನಮಗೆ ಸಿಗುವುದು ಮರುವಾಯಿ. ಮೊಶ್ಯೋಲಿ ಬೇಯಿಸುವ ವಿಧಾನವೇ ಈ ಚಿಪ್ಪಿಗೂ ಚೆನ್ನಾಗಿ ಒಗ್ಗುತ್ತದೆ, ಆದ್ದರಿಂದ ಜೋಡಣೆಯ ಕ್ರಮವನ್ನು ಕೊಡುತ್ತಿದ್ದೇವೆ.

ಒಂದು ಕಿಲೋ ಮರುವಾಯಿಯನ್ನು ಉಪ್ಪುನೀರಿನಲ್ಲಿ ಎರಡು ಗಂಟೆ ಬಿಡಿ, ಮರಳು ಕಕ್ಕುತ್ತವೆ. ಬಾಯಿ ತೆರೆದುಕೊಂಡಿರುವುದನ್ನು ಬೆರಳಿನಿಂದ ಕುಟ್ಟಿ. ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ, ಎಸೆಯಿರಿ. ಅಗಲ ಬಾಣಲೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ ಜಜ್ಜಿದ ಬೆಳ್ಳುಳ್ಳಿ ಹಾಕಿ, ಕೆಂಪಾಗುವ ಮೊದಲೇ ಚಿಪ್ಪುಗಳನ್ನು ಸುರಿಯಿರಿ. ಅರ್ಧ ಗ್ಲಾಸ್ ವೆರ್ದಿಕ್ಕಿಯೊ. ಮುಚ್ಚಳ. ದೊಡ್ಡ ಉರಿ. ಮೂರು ನಾಲ್ಕು ನಿಮಿಷದಲ್ಲಿ ಒಳಗಿನಿಂದ ಟಕಟಕ ಸದ್ದು ಬರುತ್ತದೆ, ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಡುತ್ತವೆ. ಇಳಿಸಿ. ಪಾರ್ಸ್ಲಿ ಸೊಪ್ಪು ಸಿಕ್ಕರೆ ಉದುರಿಸಿ. ತಳದ ರಸದಲ್ಲಿ ಬ್ರೆಡ್ ಅದ್ದಿ ತಿನ್ನಿ, ನೀರುದೋಸೆಯಾದರೂ ತಕರಾರಿಲ್ಲ. ಉಪ್ಪು ಬೇಡ, ಸಮುದ್ರ ಆಗಲೇ ಹಾಕಿಯಾಗಿದೆ. ಚೀಸ್ ತುರಿಯಲು ಯಾರಾದರೂ ಎದ್ದರೆ ಕೂರಿಸಿ. ಮೀನಿಗೆ ಚೀಸ್ ಹಾಕಿದರೆ ಇಟಲಿಯ ಅಜ್ಜಿಯರು ಕೋಲು ಹುಡುಕುತ್ತಾರೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಕಾಣೆ ಮೀನಿನ ರವಾ ಫ್ರೈ. ಮಸಾಲೆಯ ಕೈ ಸ್ವಲ್ಪ ಹಿಡಿದರೆ, ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತ ಹೋಗುತ್ತದೆ, ಪ್ರತಿ ತುಂಡೂ ಮೊದಲ ತುಂಡಿನ ಹಾಗೆ ರುಚಿಸುತ್ತದೆ. ಕೊನೆಯಲ್ಲಿ ವೈನು ಬಿಡುವ ಬಾದಾಮಿ ಸಿಪ್ಪೆಯ ಸಣ್ಣ ಕಹಿ ಹುರಿದ ರವೆಯ ಮೇಲೆ ಬಲು ಚೆನ್ನಾಗಿ ಕೂರುತ್ತದೆ. ಅಂಜಲ್ ತವಾ ಫ್ರೈ ಸರಿ. ಬೆಳ್ಳುಳ್ಳಿ, ಬೆಣ್ಣೆಯ ಸಿಗಡಿ ಸರಿ. ಕೆರೆಮೀನಿಗೆ ಈ ಹುಳಿಯ ಹಂಗು ಅಷ್ಟಿಲ್ಲ. ಟ್ರೈಮೀಥೈಲಮೈನಿನ ರಗಳೆ ಮುಖ್ಯವಾಗಿ ಕಡಲ ಮೀನಿನದು.

6. ಹೊಂದದ ಬಿಡಿಭಾಗಗಳು

ಬಂಗುಡೆ ಪುಳಿಮುಂಚಿ. ಸಿಗಡಿ ಘೀ ರೋಸ್ಟ್. ಒಂದು ತಟ್ಟೆಯಲ್ಲಿ ಹತ್ತು ಬ್ಯಾಡಗಿ ಮೆಣಸಿಗಿಂತ ಹೆಚ್ಚು ಬಿದ್ದಿರುವ ಯಾವುದೇ ಪದಾರ್ಥ.

ಇದು ರುಚಿಯ ಮಡಿವಂತಿಕೆಯಲ್ಲ, ನರಗಳ ವ್ಯವಹಾರ. ನಾಲಗೆಯ ನರಗಳಲ್ಲಿ ಬಿಸಿ ತಾಗಿದರೆ ಕೂಗುವ ಒಂದು ಕಾವಲುಗಾರ ಪ್ರೋಟೀನ್ ಇದೆ, ಟಿಆರ್‌ಪಿವಿ1 ಎಂದು ಅದಕ್ಕೆ ಹೆಸರು. ಸುಮಾರು 42 ಡಿಗ್ರಿ ದಾಟಿದಾಗ ಕೂಗುವುದು ಅದರ ಕೆಲಸ. ಮೆಣಸಿನ ಖಾರವೂ ಅದನ್ನೇ ತಿವಿಯುತ್ತದೆ. ಆಲ್ಕೋಹಾಲ್ ಬಂತೆಂದರೆ ಕೂಗುವ ಮಟ್ಟ 34 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಗ ಬಾಯಿಯ ಸ್ವಂತ ಶಾಖವೇ ಬೆಂಕಿ. ಖಾರವಾಯಿತೆಂದು ವೈನು ಕುಡಿದರೆ ಖಾರ ಏರುತ್ತದೆ. ಏರಿತೆಂದು ಮತ್ತೆ ಕುಡಿಯುತ್ತೀರಿ. ಬಾಟಲಿ ಬೇಗ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ, ಶಿಫಾರಸು ಮಾಡಲಾರೆವು. ಘೀ ರೋಸ್ಟಿಗೆ ಮಜ್ಜಿಗೆ ಕುಡಿಯಿರಿ. ಇಟಲಿಯ ಮರ್ಯಾದೆಯೂ ಉಳಿಯುತ್ತದೆ, ಕುಂದಾಪುರದ್ದೂ.

7. ಗ್ಲಾಸು

ಮೂರನೇ ಒಂದು ಪಾಲು ತುಂಬಿ, ಕಾಂಡ ಹಿಡಿಯಿರಿ. ತಿರುಗಿಸುವುದು ಕಡ್ಡಾಯವಲ್ಲ. ಸ್ಟೀಲ್ ಲೋಟದಲ್ಲಿ ಕುಡಿದವರನ್ನು ಯಾರೂ ಬಂಧಿಸಿದ್ದಿಲ್ಲ.

8. ದೋಷ ನಿವಾರಣೆ

ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂಥದ್ದು ಮಿಂಚುತ್ತಿದೆ: ದೋಷವಲ್ಲ. ತಂಪಿಗೆ ಟಾರ್ಟಾರಿಕ್ ಆಮ್ಲದ ಲವಣ ಹರಳುಗಟ್ಟಿದೆ. 4ನೇ ಭಾಗ ಓದಿದವರಿಗೆ ಇದು ಹಳೆಯ ಪರಿಚಯ; ಬೇಕರಿಯವರು ಕ್ರೀಮ್ ಆಫ್ ಟಾರ್ಟರ್ ಎಂದು ಡಬ್ಬಿಯಲ್ಲಿ ಕೊಳ್ಳುವುದೂ ಇದನ್ನೇ. ನಿಧಾನವಾಗಿ ಬಗ್ಗಿಸಿ, ಹರಳು ತಳದಲ್ಲಿ ಉಳಿಯಲಿ.

ಮಳೆಗೆ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ: ದೋಷ ಹೌದು. ಬಿರಡೆಯಲ್ಲಿ ಹುಟ್ಟುವ ಟ್ರೈಕ್ಲೋರೊಅನಿಸೋಲ್ ಎಂಬ ರಾಸಾಯನಿಕ ಇದರ ಮೂಲ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಕುಡಿದರೆ ಅಪಾಯವಿಲ್ಲ, ಸುಖವೂ ಇಲ್ಲ. ಅಡುಗೆಗೆ ಹಾಕಿದರೂ ವಾಸನೆ ಬೆನ್ನು ಬಿಡದು. ಬಚ್ಚಲಿಗೆ ಸುರಿಯುವಾಗ ಬೆಲೆ ನೆನೆಯಬೇಡಿ.

ಅರ್ಧ ಬಾಟಲಿ ಉಳಿದಿದೆ: ಮೊದಲು ಆಶ್ಚರ್ಯಪಡಿ. ನಂತರ ಅದೇ ಬಿರಡೆ ತುರುಕಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ತಾಳುತ್ತದೆ, ಆಮೇಲೆ ಮರುವಾಯಿಯ ಬಾಣಲೆಗೆ.

ಭಾವ ಇನ್ನೂ ಮಾತಾಡುತ್ತಿದ್ದಾನೆ: ಮುಳ್ಳು ಹೆಚ್ಚಿರುವ ಮೀನು ಬಡಿಸಿ.

9. ಬದಲಿ ಭಾಗಗಳು ಮತ್ತು ಖಾತರಿ

ವರ್ಷಾನುಗಟ್ಟಲೆ ಶೇ. 150ರಷ್ಟಿದ್ದ ಆಮದು ಸುಂಕ, ಮೇಲೆ ರಾಜ್ಯದ ಅಬಕಾರಿ, ಅದರ ಮೇಲೆ ಅಂಗಡಿಯ ಲಾಭ. ಮಾರ್ಕೆಯ ರೈತ ದಿನನಿತ್ಯದ ಊಟಕ್ಕೆ ಮೇಜಿನ ಮೇಲಿಡುವ ಬಾಟಲಿ ಬೆಂಗಳೂರಿಗೆ ಬರುವಷ್ಟರಲ್ಲಿ ಮದುವೆ ಉಡುಗೊರೆಯಾಗಿರುತ್ತದೆ. ಷೋಕೇಸಿಗೆ ಏರುವುದಕ್ಕೂ ಈ ಲೆಕ್ಕವೇ ಕಾರಣವಿರಬೇಕು. ಬೆಲೆ ಕೈಗೆಟುಕದಿದ್ದರೆ ಇಟಲಿಯದೇ ಇತರ ಹುಳಿಗಳಿವೆ: ವೆನೆತೊದ ಸೊಆವೆ, ಪಿಯೆಮೊಂತೆಯ ಗಾವಿ, ಸಾರ್ಡಿನಿಯಾದ ವೆರ್ಮೆಂತೀನೊ. ಅವೂ ಎಟುಕದಿದ್ದರೆ ನಂದಿ ಬೆಟ್ಟದ ತಪ್ಪಲಿನ, ನಾಸಿಕದ ಸೊವಿನ್ಯೋಂ ಬ್ಲಾಂಕ್. ಆಮ್ಲ ಅಲ್ಲಿಯೂ ಟಾರ್ಟಾರಿಕ್ಕೇ. ಕಾಣೆ ಮೀನು ಪಾಸ್‌ಪೋರ್ಟ್ ಕೇಳುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಖಾತರಿ ಅನ್ವಯಿಸದು. ಆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ನಾಡದೋಣಿಯವರು ತಂದದ್ದು ಸಿಕ್ಕರೆ ನಿಮ್ಮ ಪುಣ್ಯ. ಇಲ್ಲವಾದರೆ ಪೂರ್ವ ಕರಾವಳಿಯಿಂದಲೋ ಶೈತ್ಯಾಗಾರದಿಂದಲೋ ಬಂದದ್ದು. ಹಳತಾದ ಮೀನಿನ ನಾತವನ್ನು ಜಗತ್ತಿನ ಯಾವ ಹುಳಿಯೂ ಪೂರ್ತಿ ಮುಚ್ಚಲಾರದು.

ಗ್ರಾಹಕ ಸೇವೆ: ದೂರು, ಸಲಹೆ ಏನಿದ್ದರೂ ಮೀನು ಮಾರುವಾಕೆಯನ್ನು ಬೆಳಗ್ಗೆ ಏಳರ ಒಳಗೆ ಸಂಪರ್ಕಿಸಿ. ವೈನಿನ ಹೆಸರು ಎತ್ತಬೇಡಿ, ದರ ಏರುತ್ತದೆ. ಕಣ್ಣು ಉಬ್ಬಿದೆಯೇ, ಕಿವಿರು ಕೆಂಪಗಿದೆಯೇ ಎಂದು ನೋಡಿ, ಬೆರಳಿನಿಂದ ಒತ್ತಿದ ಕುಳಿ ಮೇಲೇಳುತ್ತದೆಯೇ ಪರೀಕ್ಷಿಸಿ. ಆಕೆ 'ಇವತ್ತು ಅಂಜಲ್ ಬೇಡ, ಬೂತಾಯಿ ತಗೊಳ್ಳಿ' ಎಂದರೆ ಬೂತಾಯಿಯನ್ನೇ ತನ್ನಿ. ಬಾಟಲಿ ಹೊಂದಿಕೊಳ್ಳುತ್ತದೆ.